ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಗ್ರಾಫೀನ್ ಪೊರೆ ಹರಿದದ್ದು ಯಾವ ಹಂತದಲ್ಲಿ?

50 ಮೈಕ್ರಾನ್ ಅಗಲದ ಒಂದು ತೂತು. ಅದರ ಮೇಲೆ ಒಂದೇ ಪದರದ ಗ್ರಾಫೀನ್, ಅಂದರೆ ಒಂದು ಪರಮಾಣು ದಪ್ಪದ ಕಾರ್ಬನ್ ಹಾಳೆ, ಕೆಳಗೆ ಯಾವ ಆಸರೆಯೂ ಇಲ್ಲ. ಹೇಳೋಕೆ ಇಷ್ಟೇ. ಮೂರು ದಿನ ಕೂತು ಎಲ್ಲ ಹಂತ ಮುಗಿಸಿ ಚಿಪ್ ಅನ್ನು ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಒಳಗಿಟ್ಟು ನೋಡಿದರೆ, ತೂತು ಕಪ್ಪಗೆ ಬಾಯಿ ಬಿಟ್ಟುಕೊಂಡು ಕೂತಿರುತ್ತದೆ, ಅಂಚಿನಲ್ಲಿ ಒಂದಿಷ್ಟು ಚಿಂದಿ. ಆಗ ಎಲ್ಲರೂ ಮಾಡುವ ಮೊದಲ ಕೆಲಸ ಕೊನೆಯ ಹಂತವನ್ನು ಬೈಯುವುದು. ಒಣಗಿಸುವಾಗ ಹರೀತು, ಡ್ರೈಯರ್ ಸರಿ ಇಲ್ಲ ಅಂತ.

ನಾನೂ ಹಾಗೇ ಮೂರು ತಿಂಗಳು ಕ್ರಿಟಿಕಲ್ ಪಾಯಿಂಟ್ ಡ್ರೈಯರ್‌ಗೆ (ದ್ರವದ ಎಳೆತ ಇಲ್ಲದೆ ಒಣಗಿಸುವ ಯಂತ್ರ) ಶಾಪ ಹಾಕಿದೆ. ವಾಲ್ವ್ ಬಿಚ್ಚಿಸಿದೆ, ಸೀಲ್ ಬದಲಾಯಿಸಿದೆ, ಸಿಲಿಂಡರ್ ಕೂಡ ಬದಲಾಯಿಸಿದೆ. ಕೊನೆಗೆ ಸಿಕ್ಕ ಕಳ್ಳ ಹಾಟ್‌ಪ್ಲೇಟ್. ಡ್ರೈಯರ್‌ಗಿಂತ ಮೂರು ಹಂತ ಹಿಂದೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಅದೇ ಕಥೆ. ಪೊರೆ ಸತ್ತದ್ದು ಒಂದು ಕಡೆ, ಹೆಣ ಕಂಡದ್ದು ಇನ್ನೊಂದು ಕಡೆ.

ಹಾಗಾಗಿ ಇದು ಪೊರೆ ಮಾಡುವ ವಿಧಾನದ ಬರಹ ಅಲ್ಲ. ಹರಿದ ಮೇಲೆ ಎಲ್ಲಿಂದ ಹುಡುಕಬೇಕು ಅನ್ನೋದರ ಬರಹ.

ನಾನು ಮಾಡುವ ಹಂತಗಳನ್ನು ಮೊದಲು ಹೇಳಿಬಿಡುತ್ತೇನೆ, ನಿಮ್ಮದು ಸ್ವಲ್ಪ ಬೇರೆ ಇರಬಹುದು. 25 ಮೈಕ್ರಾನ್ ದಪ್ಪದ ತಾಮ್ರದ ಫಾಯಿಲ್ ಮೇಲೆ ಸುಮಾರು 1000 ಡಿಗ್ರಿಯಲ್ಲಿ ಮೀಥೇನ್ ಮತ್ತು ಹೈಡ್ರೋಜನ್ ಹರಿಸಿ ಗ್ರಾಫೀನ್ ಬೆಳೆಸುವುದು (ಇದು 2009ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಿಂದ ಬಂದ ದಾರಿ, ಈಗ ಎಲ್ಲರೂ ಇದನ್ನೇ ಹಿಡಿದಿದ್ದಾರೆ). ಅದರ ಮೇಲೆ ಆಸರೆಗೆ ಪಿಎಂಎಂಎ ಪ್ಲಾಸ್ಟಿಕ್ಕಿನ ತೆಳು ಪದರ. ಫಾಯಿಲ್‌ನ ಹಿಂಭಾಗಕ್ಕೆ ಆಕ್ಸಿಜನ್ ಪ್ಲಾಸ್ಮಾ. ಆಮೇಲೆ ಅಮೋನಿಯಂ ಪರ್‌ಸಲ್ಫೇಟ್ ದ್ರಾವಣದಲ್ಲಿ ತಾಮ್ರ ಕರಗಿಸುವುದು, ಡಿಐ (ಅಯಾನು ತೆಗೆದ ಶುದ್ಧ) ನೀರಿನಲ್ಲಿ ನಾಲ್ಕೈದು ಸಲ ತೊಳೆಯುವುದು, ತೇಲುತ್ತಿರುವ ಪದರವನ್ನು (ಗ್ರಾಫೀನ್ ಮತ್ತು ಪಿಎಂಎಂಎ ಸೇರಿದ ಇದನ್ನೇ ಮುಂದೆ ಫಿಲ್ಮ್ ಅನ್ನುತ್ತೇನೆ) ತೂತಿರುವ ಚಿಪ್‌ನಿಂದ ಎತ್ತಿಕೊಳ್ಳುವುದು. ಒಣಗಿಸಿ, ಹಾಟ್‌ಪ್ಲೇಟ್ ಮೇಲೆ ಬೇಯಿಸಿ, ಅಸಿಟೋನ್‌ನಲ್ಲಿ ಪಿಎಂಎಂಎ ತೆಗೆದು, ಎಥನಾಲ್‌ಗೆ ಬದಲಾಯಿಸಿ, ಕೊನೆಗೆ ಡ್ರೈಯರ್.

ಇಷ್ಟು ಗಟ್ಟಿ ಅಂತಾರಲ್ಲ, ಮತ್ಯಾಕೆ ಹರಿಯುತ್ತೆ?

ಹೊಸಬರು ಇದನ್ನೇ ಕೇಳುತ್ತಾರೆ. ಒಂದು ಚದರ ಮೀಟರ್ ಗ್ರಾಫೀನ್ ಉಯ್ಯಾಲೆ ಮಾಡಿದರೆ ಅದರ ತೂಕ ಒಂದು ಮಿಲಿಗ್ರಾಂಗಿಂತ ಕಮ್ಮಿ, ಆದರೂ 4 ಕಿಲೋ ಬೆಕ್ಕು ಅದರಲ್ಲಿ ಮಲಗಬಹುದು ಅಂತ ಗ್ರಾಫೀನ್‌ಗೆ ಸಿಕ್ಕ 2010ರ ನೊಬೆಲ್ ಸಮಯದಲ್ಲಿ ಎಲ್ಲ ಕಡೆ ಬಂದಿತ್ತು. ಲೆಕ್ಕ ಸರಿಯೇ. ಆದರೆ ಆ ಗಟ್ಟಿತನವನ್ನು 2008ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಳೆದಾಗ ತೂತಿನ ಅಗಲ ಇದ್ದದ್ದು 1 ಮತ್ತು 1.5 ಮೈಕ್ರಾನ್. ಅದೂ ಗ್ರಾಫೈಟ್‌ನಿಂದ ಟೇಪ್ ಹಚ್ಚಿ ಕಿತ್ತ ಅಪ್ಪಟ ಹರಳು. ನಮ್ಮ ತೂತು 50 ಮೈಕ್ರಾನ್, ಅಂದರೆ ಸಾವಿರ ಪಟ್ಟಿಗಿಂತ ಜಾಸ್ತಿ ಜಾಗ. ಅಷ್ಟು ಜಾಗದಲ್ಲಿ ಎಲ್ಲೋ ಒಂದು ಮಡಿಕೆ, ಒಂದು ಹರಳಿನ ಅಂಚು, ಒಂದು ಕಸ ಇದ್ದೇ ಇರುತ್ತೆ. ಹರಿಯುವುದು ಅಲ್ಲಿಂದ. ಹಾಗಂತ ದೊಡ್ಡದು ಸಾಧ್ಯವೇ ಇಲ್ಲ ಅಂತಲ್ಲ, 2014ರಲ್ಲೇ ಅರ್ಧ ಮಿಲಿಮೀಟರ್ ತೂತಿನ ಮೇಲೂ ಒಂದೇ ಪದರ ನಿಲ್ಲಿಸಿ ತೋರಿಸಿದ್ದಾರೆ.

ಮೊದಲು ಫಿಲ್ಮ್ ಅನ್ನು ಎರಡು ತುಂಡು ಮಾಡಿ

ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ. ಒಂದೇ ಫಾಯಿಲ್ ಅನ್ನು ಪಿಎಂಎಂಎ ಹಾಕಿದ ಮೇಲೆ ಎರಡು ಮಾಡಿ, ಒಂದೇ ತಟ್ಟೆಯಲ್ಲಿ ಒಟ್ಟಿಗೆ ಕರಗಿಸಿ. ಒಂದು ತುಂಡು ತೂತಿನ ಚಿಪ್‌ಗೆ. ಇನ್ನೊಂದು ತುಂಡು 300 ನ್ಯಾನೋಮೀಟರ್ ಆಕ್ಸೈಡ್ ಇರುವ ಸಾದಾ ಸಿಲಿಕಾನ್‌ಗೆ. ಆ ನೇರಳೆ ಬಣ್ಣದ ಆಕ್ಸೈಡ್ ಮೇಲೆ ಒಂದೇ ಪದರದ ಗ್ರಾಫೀನ್ ಮಾಮೂಲಿ ಮೈಕ್ರೋಸ್ಕೋಪ್‌ನಲ್ಲೇ ಕಾಣುತ್ತೆ, ಬಿರುಕೂ ಕಾಣುತ್ತೆ. ಇದನ್ನು ನಾವು ಸಾಕ್ಷಿ ಸ್ಯಾಂಪಲ್ ಅಂತೀವಿ.

ಸಾಕ್ಷಿಯಲ್ಲೂ ಬಿರುಕು ಇದ್ದರೆ ತಪ್ಪು ಬೆಳೆಸುವಾಗಲೋ, ಕರಗಿಸುವಾಗಲೋ, ಎತ್ತುವಾಗಲೋ ಆಗಿದೆ. ಡ್ರೈಯರ್ ಕಡೆ ತಿರುಗಿಯೂ ನೋಡಬೇಡಿ. ಸಾಕ್ಷಿ ಚೆನ್ನಾಗಿದ್ದು ತೂತು ಮಾತ್ರ ಖಾಲಿ ಇದ್ದರೆ ತಪ್ಪು ಚಿಪ್‌ನಲ್ಲೋ ಅಥವಾ ಚಿಪ್ ಮೇಲೆ ಕೂತ ನಂತರದ ಹಂತದಲ್ಲೋ ಇದೆ. ಅರ್ಧ ದಿನದ ಕೆಲಸ ಜಾಸ್ತಿ ಆಗುತ್ತೆ, ನಿಜ. ಆ ಮೂರು ತಿಂಗಳಲ್ಲಿ ನಾನು ಒಂದು ಸಲವೂ ಇದನ್ನು ಮಾಡಿರಲಿಲ್ಲ. ಮಾಡಿದ್ದರೆ ಮೊದಲ ವಾರದಲ್ಲೇ ಅರ್ಧ ಪಟ್ಟಿ ಹೊಡೆದು ಹಾಕಬಹುದಿತ್ತು.

ಎರಡನೆಯದು, ಪ್ರತಿ ಹಂತದ ನಂತರ ಒಂದು ಫೋಟೋ. ಬೇಯಿಸುವ ಮೊದಲು, ಬೇಯಿಸಿದ ಮೇಲೆ, ಪಿಎಂಎಂಎ ಇನ್ನೂ ಮೇಲಿರುವಾಗಲೇ. ಬರಿಯ ಗ್ರಾಫೀನ್ ಬೆಳಕಿನ ಶೇಕಡಾ 2.3ರಷ್ಟನ್ನು ಮಾತ್ರ ಹೀರುತ್ತೆ, ತೂತಿನ ಮೇಲೆ ಅದನ್ನು ಕಾಣುವುದು ಕಷ್ಟ. ಆದರೆ ಪಿಎಂಎಂಎ ಇದ್ದಾಗ ಚೆನ್ನಾಗಿ ಕಾಣುತ್ತೆ. ನನ್ನ ಕಳ್ಳ ಸಿಕ್ಕಿದ್ದೂ ಹೀಗೇ.

ಹಾಟ್‌ಪ್ಲೇಟ್

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಬೇರೆಯವರೂ ಇದೇ ಗುಂಡಿಗೆ ಬಿದ್ದದ್ದನ್ನು ನೋಡಿದ್ದೇನೆ.

ನಮ್ಮ ಚಿಪ್ ಸಿಲಿಕಾನ್‌ನದು. ಮೇಲೆ ಸಿಲಿಕಾನ್ ನೈಟ್ರೈಡ್‌ನ ತೆಳು ಪರದೆ, ಅದರಲ್ಲಿ ತೂತು. ಕೆಳಗಿನಿಂದ ಸಿಲಿಕಾನ್ ಅನ್ನು ಕೊರೆದಿರುವುದರಿಂದ ಹಿಂಭಾಗದಲ್ಲಿ ತಲೆಕೆಳಗಾದ ಗೋಪುರದ ಥರ ಒಂದು ಗುಂಡಿ ಇರುತ್ತೆ, ಅದರ ಬಾಯಿ ತೂತಿಗಿಂತ ಎಷ್ಟೋ ಅಗಲ. ನೀರಿನಿಂದ ಫಿಲ್ಮ್ ಎತ್ತಿದಾಗ ಈ ಗುಂಡಿಯ ತುಂಬ ನೀರು. ಮೇಲಿನಿಂದ ಒಣಗಿದ ಹಾಗೆ ಕಾಣುತ್ತೆ. ನಾನು ಅರ್ಧ ಗಂಟೆ ಬಿಟ್ಟು, ಒಣಗಿದೆ ಅಂದುಕೊಂಡು, ಸೀದಾ 130 ಡಿಗ್ರಿ ಹಾಟ್‌ಪ್ಲೇಟ್ ಮೇಲೆ ಚಪ್ಪಟೆಯಾಗಿ ಇಡುತ್ತಿದ್ದೆ. ಮೇಲೆ ಫಿಲ್ಮ್, ಕೆಳಗೆ ಹಾಟ್‌ಪ್ಲೇಟ್, ಮಧ್ಯೆ ಸಿಕ್ಕಿಬಿದ್ದ ನೀರು. ಪುಟ್ಟ ಕುಕ್ಕರ್. ವಿಸಿಲ್ ಇಲ್ಲ, ಅಷ್ಟೇ.

ಒಂದು ದಿನ ಬೇಯಿಸಿದ ಕೂಡಲೇ ಸುಮ್ನೆ ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ತೂತಿನ ಮೇಲೆ ಫಿಲ್ಮ್ ಪೂರಿ ಥರ ಉಬ್ಬಿತ್ತು. ಒಂದರೊಳಗೆ ಒಂದು ಬಣ್ಣದ ಬಳೆಗಳು: ಹಸಿರು, ಗುಲಾಬಿ, ಮತ್ತೆ ಹಸಿರು. ನೋಡುತ್ತಿರುವಾಗಲೇ, ಚಿಪ್ ತಣ್ಣಗಾಗುತ್ತಾ ಬಂದ ಹಾಗೆ, ಬಳೆಗಳು ಒಂದೊಂದಾಗಿ ನಡುವಿಗೆ ಸರಿದು ಮಾಯವಾದವು, ಫಿಲ್ಮ್ ಕುಸಿಯಿತು, ಅಂಚಿನಿಂದ ನಡುವಿಗೆ ಗೆರೆಗೆರೆಯಾಗಿ ಸುಕ್ಕು ಬಿತ್ತು. ಪಿಎಂಎಂಎ 105 ಡಿಗ್ರಿ ಹತ್ತಿರ ಮೆತ್ತಗಾಗುತ್ತೆ, ಹಾಗಾಗಿ ಅದು ಹಿಗ್ಗಿ ತಡೆದುಕೊಳ್ಳುತ್ತೆ. ಕೆಳಗಿನ ಗ್ರಾಫೀನ್ ಹಾಗೆ ಹಿಗ್ಗುವುದಿಲ್ಲ. ಅದು ಅಲ್ಲೇ ಸೀಳಿರುತ್ತೆ. ಸೀಳಿದ್ದನ್ನು ಪ್ಲಾಸ್ಟಿಕ್ ಹಿಡಿದುಕೊಂಡಿರುತ್ತೆ, ಅಸಿಟೋನ್‌ನಲ್ಲಿ ಪ್ಲಾಸ್ಟಿಕ್ ಹೋಯಿತು, ಡ್ರೈಯರ್‌ನಿಂದ ತೆಗೆದು ನೋಡಿದಾಗ ತೂತು ಖಾಲಿ, ಬೈಗುಳ ಡ್ರೈಯರ್‌ಗೆ.

ಈಗ ಮಾಡುವುದು ಹೀಗೆ. ಎತ್ತಿದ ಮೇಲೆ ಚಿಪ್ ಅನ್ನು ಓರೆಯಾಗಿ ನಿಲ್ಲಿಸಿ, ಕೆಳಗಿನ ಮೂಲೆಗೆ ಟಿಶ್ಯೂ ತಾಗಿಸಿ, ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಚಿಪ್ ತಿರುಗಿಸಿ ಹಿಂಭಾಗದ ಗುಂಡಿಯನ್ನೇ ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತೇನೆ. ಮೂಲೆಯಲ್ಲಿ ನೀರು ನಿಂತಿದ್ದರೆ ಮಿಂಚುತ್ತೆ, ಗೊತ್ತಾಗುತ್ತೆ. ಆಮೇಲೆ ಹಾಟ್‌ಪ್ಲೇಟ್ ಮೇಲೆ ಎರಡು ಗಾಜಿನ ಚೂರು ಇಟ್ಟು, ಅದರ ಮೇಲೆ ಸೇತುವೆ ಥರ ಚಿಪ್. ಕೆಳಗೆ ಗಾಳಿ ಆಡಬೇಕು. 50 ಡಿಗ್ರಿಯಲ್ಲಿ ಒಂದು ಗಂಟೆ, ನಂತರ ನಿಧಾನವಾಗಿ 150ಕ್ಕೆ. ಬೇಯಿಸುವುದನ್ನೇ ಬಿಟ್ಟರೆ ಆಗಲ್ವಾ ಅಂದರೆ, ಆಗಲ್ಲ. ಆ ಬಿಸಿಯಲ್ಲೇ ಪಿಎಂಎಂಎ ಮೆತ್ತಗಾಗಿ ಗ್ರಾಫೀನ್ ತೂತಿನ ಅಂಚಿಗೆ ಸರಿಯಾಗಿ ಕೂರುವುದು.

ಹರಿದ ಆಕಾರ ಓದುವುದು

ಚಿಂದಿಯನ್ನು ಎಸೆಯಬೇಡಿ. ಎಸ್‌ಇಎಂನಲ್ಲಿ 2ರಿಂದ 5 ಕಿಲೋವೋಲ್ಟ್ ಇಟ್ಟು ನೋಡಿ. ಗ್ರಾಫೀನ್ ಇರುವ ಜಾಗ ಬೂದು, ಇಲ್ಲದ ಜಾಗ ಪೂರ್ತಿ ಕಪ್ಪು.

ಚಿಂದಿ ಮೇಲಕ್ಕೆ, ಅಂದರೆ ಗುಂಡಿಯ ಎದುರು ದಿಕ್ಕಿಗೆ ಮಡಚಿಕೊಂಡಿದ್ದರೆ ಕೆಳಗಿನಿಂದ ಒತ್ತಡ ಬಂದಿದೆ. ಮೇಲಿನ ಹಾಟ್‌ಪ್ಲೇಟ್ ಕಥೆಯನ್ನೇ ಇನ್ನೊಮ್ಮೆ ಓದಿ. ಚಿಂದಿ ಕೆಳಕ್ಕೆ ಇಳಿದು ಗುಂಡಿಯ ಗೋಡೆಗೆ ಅಂಟಿದ್ದರೆ ದ್ರವ ಎಳೆದಿದೆ, ಒಣಗಿಸುವುದರಲ್ಲಿ ತಪ್ಪು.

ಅರ್ಧಚಂದ್ರಾಕಾರದಲ್ಲಿ ಅಂಚಿನ ಉದ್ದಕ್ಕೂ ಬಿಟ್ಟುಕೊಂಡಿದ್ದರೆ ತೂತಿನ ಅಂಚನ್ನೇ ಅನುಮಾನಿಸಿ. ಅಯಾನ್ ಕಿರಣದಿಂದ ಕೊರೆದ ತೂತುಗಳಲ್ಲಿ ಕಿತ್ತ ವಸ್ತು ವಾಪಸ್ ಅಂಚಿನಲ್ಲೇ ಕೂತು ಗರಗಸದ ಹಲ್ಲಿನ ಥರ ಆಗಿರುತ್ತೆ. ಫಿಲ್ಮ್ ಹಾಕುವ ಮೊದಲೇ ಚಿಪ್ ಅನ್ನು ಓರೆ ಮಾಡಿ ಎಸ್‌ಇಎಂನಲ್ಲಿ ಅಂಚು ನೋಡಿ ಆರಿಸಿಕೊಳ್ಳಿ. ಹಾಕುವ ಸ್ವಲ್ಪ ಮೊದಲು ಆಕ್ಸಿಜನ್ ಪ್ಲಾಸ್ಮಾದಲ್ಲಿ ತೊಳೆದರೆ ನೀರು ಸಲೀಸಾಗಿ ಹರಡಿ, ಸುಕ್ಕು ಕಮ್ಮಿ ಆಗುತ್ತೆ.

ನೇರ ಸೀಳುಗಳು, ಅದೂ ಎಲ್ಲ ತೂತುಗಳಲ್ಲೂ ಒಂದೇ ದಿಕ್ಕಿಗೆ? ತಾಮ್ರದ ಫಾಯಿಲ್ ಅನ್ನು ರೋಲರ್‌ನಲ್ಲಿ ಒತ್ತಿ ತೆಳು ಮಾಡಿರುತ್ತಾರೆ, ಆ ಗೆರೆಗಳು ಕಣ್ಣಿಗೂ ಕಾಣುತ್ತವೆ. ಗ್ರಾಫೀನ್ ಆ ಏರು ತಗ್ಗಿನ ಮೇಲೇ ಬೆಳೆದಿರುತ್ತೆ, ಚಪ್ಪಟೆ ಚಿಪ್ ಮೇಲೆ ಕೂರಿಸಿದಾಗ ಗೆರೆಗಳ ಉದ್ದಕ್ಕೆ ಬಿರುಕು ಬಿಡುತ್ತೆ. ಇದು ಹೌದೋ ಅಲ್ಲವೋ ತಿಳಿಯಲು ಸುಲಭ ಉಪಾಯ ಇದೆ: ಫಾಯಿಲ್ ಕತ್ತರಿಸುವಾಗ ಗೆರೆಯ ದಿಕ್ಕಿನ ಒಂದು ಮೂಲೆಯನ್ನು ಚೂರು ಕತ್ತರಿಸಿ ಗುರುತು ಮಾಡಿಕೊಳ್ಳಿ. ಮುಂದಿನ ಸಲ ಫಿಲ್ಮ್ ಅನ್ನು 90 ಡಿಗ್ರಿ ತಿರುಗಿಸಿ ಎತ್ತಿ. ಸೀಳುಗಳೂ ತಿರುಗಿದರೆ ತಪ್ಪು ತಾಮ್ರದ್ದು. ಬೆಳೆಸುವ ಮೊದಲು ಎಲೆಕ್ಟ್ರೋಪಾಲಿಷ್ (ದ್ರಾವಣದಲ್ಲಿ ವಿದ್ಯುತ್ ಹಾಯಿಸಿ ನುಣುಪು ಮಾಡುವುದು) ಮಾಡಿ, 1000 ಡಿಗ್ರಿಯಲ್ಲಿ ಹೈಡ್ರೋಜನ್‌ನಲ್ಲಿ ಇನ್ನಷ್ಟು ಹೊತ್ತು ಇಡಿ. ಬಿಸಿ ಜಾಸ್ತಿ ಮಾಡಿದರೆ ಇನ್ನೂ ನುಣುಪಾಗುತ್ತೆ ಅಂತ ಆಸೆ ಪಡಬೇಡಿ, ತಾಮ್ರ 1085ಕ್ಕೆ ಕರಗುತ್ತೆ. ನಮ್ಮ ಹುಡುಗನೊಬ್ಬ ಕುಲುಮೆಯ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ನಂಬಿ ಫಾಯಿಲ್ ಬದಲು ತಾಮ್ರದ ಗೋಲಿ ಹೊರಗೆ ತೆಗೆದಿದ್ದ.

ತೂತಿನ ಅಲ್ಲಲ್ಲಿ ಸಣ್ಣ ದುಂಡನೆಯ ಕಿಂಡಿಗಳಿದ್ದರೆ ಗುಳ್ಳೆ. ಪರ್‌ಸಲ್ಫೇಟ್ ದ್ರಾವಣ ಗಟ್ಟಿ ಇದ್ದಷ್ಟೂ ಫಿಲ್ಮ್ ಕೆಳಗೆ ಗುಳ್ಳೆ ಜಾಸ್ತಿ, ಗುಳ್ಳೆ ಕೂತ ಕಡೆ ತಾಮ್ರ ಕರಗದೆ ಉಳಿಯುತ್ತೆ, ಸುತ್ತ ಫಿಲ್ಮ್ ಉಬ್ಬುತ್ತೆ. ಲೀಟರಿಗೆ 23 ಗ್ರಾಂ, ಅಂದರೆ 0.1 ಮೋಲಾರ್, ಅದಕ್ಕಿಂತ ಮೇಲೆ ಹೋಗಬೇಡಿ. ರಾತ್ರಿ ಹಾಕಿ ಮನೆಗೆ ಹೋಗಿ. ಅವಸರಕ್ಕೆ ಫೆರಿಕ್ ಕ್ಲೋರೈಡ್ ಹಾಕುವವರಿದ್ದಾರೆ, ಗುಳ್ಳೆ ಬರಲ್ಲ, ನಿಜ, ಆದರೆ ಕಬ್ಬಿಣದ ತುಕ್ಕಿನ ಚುಕ್ಕೆ ಉಳಿಯುತ್ತೆ, ಅದನ್ನು ಬಿಡಿಸಲು ಮತ್ತೆ ದುರ್ಬಲ ಆಸಿಡ್‌ನಲ್ಲಿ ತೊಳೆಯಬೇಕು. ನನಗೆ ಆ ವ್ಯಾಪಾರ ಬೇಡ.

ಫಿಲ್ಮ್ ಕೆಳಗೆ ಕರಿ ಚೂರುಗಳು ಅಂಟಿದ್ದರೆ ಫಾಯಿಲ್ ಹಿಂಭಾಗದ ಗ್ರಾಫೀನ್. ಕುಲುಮೆಯಲ್ಲಿ ಎರಡೂ ಕಡೆ ಬೆಳೆಯುತ್ತೆ ಅನ್ನೋದನ್ನು ಹೊಸಬರು ಮರೆಯುತ್ತಾರೆ. ತಾಮ್ರ ಕರಗಿದ ಮೇಲೆ ಆ ಕಡೆಯದ್ದು ಚೂರು ಚೂರಾಗಿ ನಮ್ಮ ಫಿಲ್ಮ್‌ಗೇ ಬಂದು ಅಂಟುತ್ತೆ, ಅಂಚಿಗೆ ಕೂರಲು ಬಿಡಲ್ಲ. ಆಕ್ಸಿಜನ್ ಪ್ಲಾಸ್ಮಾ ಅದಕ್ಕೇ. ಆದರೆ ಅಲ್ಲೂ ಒಂದು ತೊಂದರೆ ಇದೆ: ಫಾಯಿಲ್ ಸುರುಳಿ ಸುತ್ತಿಕೊಂಡಿದ್ದರೆ ಪ್ಲಾಸ್ಮಾ ಅಂಚಿನಿಂದ ಒಳಗೆ ನುಗ್ಗಿ, ಪಿಎಂಎಂಎ ತೆಳುವಾಗಿರುವ ಕಡೆ ಒಳ್ಳೆಯ ಗ್ರಾಫೀನ್ ಅನ್ನೂ ತಿನ್ನುತ್ತೆ. ರಾಮನ್ (ಲೇಸರ್ ಬೆಳಕು ಚದುರುವುದನ್ನು ಅಳೆಯುವ ಪರೀಕ್ಷೆ) ತೆಗೆದರೆ ಗೊತ್ತಾಗುತ್ತೆ. 1350ರ ಹತ್ತಿರದ, ದೋಷ ತೋರಿಸುವ ಡಿ ಗೆರೆ ಫಿಲ್ಮ್ ನಡುವಲ್ಲಿ ಇಲ್ಲದೆ ಅಂಚಿನ ಕಡೆ ಮಾತ್ರ ಎದ್ದು ನಿಂತಿದ್ದರೆ ಇದೇ. ಅಂಚಿನ ಎರಡು ಮಿಲಿಮೀಟರ್ ಕತ್ತರಿಸಿ ಬಿಸಾಡಿ, ನಡುವಿನದ್ದು ಬಳಸಿ. ತೂಗುತ್ತಿರುವ ಪೊರೆಯ ಮೇಲೆ ರಾಮನ್ ತೆಗೆಯುವಾಗ ಲೇಸರ್ ಒಂದು ಮಿಲಿವ್ಯಾಟ್‌ಗಿಂತ ಕೆಳಗಿರಲಿ. ತೂತಿನ ನಡುವಲ್ಲಿ ಬಿಸಿಯನ್ನು ಹೀರಿಕೊಳ್ಳಲು ಕೆಳಗೆ ಸಿಲಿಕಾನ್ ಇಲ್ಲ.

ಎತ್ತುವುದು

ಇದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕಾದಾರಿದ ಹಾಲಿನ ಕೆನೆ ಮುರಿಯದ ಹಾಗೆ ತಟ್ಟೆಗೆ ಎತ್ತಿಕೊಂಡಿದ್ದೀರಾ? ಅದೇ ಕೈ. ಚಿಪ್ ಅನ್ನು ನೀರೊಳಗೆ ಓರೆಯಾಗಿ ಇಳಿಸಿ, ಫಿಲ್ಮ್‌ನ ಒಂದು ಅಂಚು ತಾಗಿದ ಮೇಲೆ ನಿಧಾನವಾಗಿ ಮೇಲೆತ್ತಿ. ಕೈ ನಡುಗುವ ದಿನ, ಅಂದರೆ ಮೂರನೇ ಕಾಫಿ ಆದ ಮೇಲೆ, ಮಾಡಬೇಡಿ.

ಅಸಿಟೋನ್

ಸಾಕ್ಷಿ ಚೆನ್ನಾಗಿದೆ, ಬೇಯಿಸಿದ ಮೇಲಿನ ಫೋಟೋನೂ ಚೆನ್ನಾಗಿದೆ, ಆದರೂ ತೂತು ಖಾಲಿ ಅಂದರೆ ಈಗ ಅಸಿಟೋನ್ ಕಡೆ ಬನ್ನಿ. ಡ್ರೈಯರ್‌ಗೆ ಇನ್ನೂ ಹೋಗಬೇಡಿ.

ಪಿಎಂಎಂಎ ಸುಮಾರು 200 ನ್ಯಾನೋಮೀಟರ್ ದಪ್ಪ, ಗ್ರಾಫೀನ್‌ನ 600 ಪಟ್ಟು. ಅಸಿಟೋನ್ ಬಿದ್ದ ಕೂಡಲೇ ಅದು ಕರಗುವುದಿಲ್ಲ, ಮೊದಲು ಉಬ್ಬುತ್ತೆ, ನೀರಲ್ಲಿ ನೆನೆಸಿದ ಅವಲಕ್ಕಿ ಥರ. ಗಟ್ಟಿ ನೆಲದ ಮೇಲೆ ಉಬ್ಬಿದರೆ ತೊಂದರೆ ಇಲ್ಲ. ತೂತಿನ ಮೇಲೆ ಉಬ್ಬಿದರೆ ಕೆಳಗಿನ ಗ್ರಾಫೀನ್ ಅನ್ನೂ ಎಳೆದುಕೊಂಡು ಸೊಟ್ಟಗಾಗುತ್ತೆ. ಮೇಲಿನಿಂದ ಸುರಿಯಬೇಡಿ, ಬಿಸಿ ಮಾಡಬೇಡಿ (ಅದು 56 ಡಿಗ್ರಿಗೇ ಕುದಿಯುತ್ತೆ, ಬೆಂಕಿಯ ಭಯ ಬೇರೆ), ಕಲಕಬೇಡಿ. ತಟ್ಟೆಯ ಬದಿಯಿಂದ ಪಿಪೆಟ್‌ನಲ್ಲಿ ನಿಧಾನಕ್ಕೆ ಬಿಟ್ಟು, ಮುಚ್ಚಿ, ರಾತ್ರಿಯಿಡೀ ಇಡಿ.

ಮುಖ್ಯವಾದ ತಪ್ಪು ಮರುದಿನ ಬೆಳಿಗ್ಗೆ ಆಗುತ್ತೆ. ಚಿಮಟದಲ್ಲಿ ಚಿಪ್ ಎತ್ತಿ ಅಸಿಟೋನ್ ಬೀಕರ್‌ನಿಂದ ಎಥನಾಲ್ ಬೀಕರ್‌ಗೆ ಹಾಕುತ್ತೀರಿ, ಒಂದೇ ಸೆಕೆಂಡ್. ಆ ಒಂದು ಸೆಕೆಂಡ್‌ನಲ್ಲಿ ದ್ರವದ ಮೇಲ್ಮೈ ತೂತನ್ನು ದಾಟಿ ಹೋಗುತ್ತೆ, ಹೋಗುವಾಗ ಪೊರೆಯನ್ನು ಒರೆಸಿಕೊಂಡು ಹೋಗುತ್ತೆ. ಡ್ರೈಯರ್‌ಗೆ ಲಕ್ಷಗಟ್ಟಲೆ ಖರ್ಚು ಮಾಡುವುದೇ ಆ ಮೇಲ್ಮೈಯನ್ನು ತಪ್ಪಿಸಲು, ಮತ್ತೆ ಅದನ್ನೇ ಮೂರು ಸಲ ಕೈಯಾರೆ ಮಾಡುತ್ತೀವಿ! ಚಿಪ್ ಅಲ್ಲಾಡಿಸದೆ ಅದೇ ತಟ್ಟೆಯಲ್ಲಿ ಅರ್ಧ ದ್ರವ ಹೀರಿ, ಎಥನಾಲ್ ತುಂಬಿ, ಮತ್ತೆ ಅರ್ಧ ಹೀರಿ, ಹೀಗೆ ಹತ್ತು ಸಲ. ಬೇಜಾರಿನ ಕೆಲಸ. ಹಾಡು ಹಾಕಿಕೊಳ್ಳಿ.

100 ಮೈಕ್ರಾನ್ ದಾಟಿದ ಮೇಲೆ ನಾನು ದ್ರವದ ಸಹವಾಸವನ್ನೇ ಬಿಟ್ಟೆ. ಆರ್ಗಾನ್ ಮತ್ತು ಹೈಡ್ರೋಜನ್ ಹರಿಯುವ ಕುಲುಮೆಯಲ್ಲಿ 350 ಡಿಗ್ರಿಗೆ ನಿಧಾನವಾಗಿ ಏರಿಸಿ ಪಿಎಂಎಂಎಯನ್ನು ಆವಿ ಮಾಡುತ್ತೇನೆ. ಸ್ವಲ್ಪ ಕೊಳೆ ಉಳಿಯುತ್ತೆ, ಎಸ್‌ಇಎಂನಲ್ಲಿ ಮೋಡದ ಥರ ಕಾಣುತ್ತೆ. ಪೊರೆಯ ಮೇಲೆ ಪರಮಾಣು ಎಣಿಸಬೇಕಾದವರಿಗೆ ಇದು ಒಗ್ಗಲ್ಲ. ನನಗೆ ಪೊರೆ ಇರುವುದು ಮುಖ್ಯ.

ಈಗ ಬೇಕಾದರೆ ಡ್ರೈಯರ್ ಬೈಯಿರಿ

ಡ್ರೈಯರ್ ಒಳಗೆ ಎಥನಾಲ್ ಜಾಗಕ್ಕೆ ದ್ರವ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಅದು 31 ಡಿಗ್ರಿ ಮತ್ತು 74 ಬಾರ್ ದಾಟಿದರೆ ದ್ರವವೂ ಅಲ್ಲ, ಅನಿಲವೂ ಅಲ್ಲ. ಮೇಲ್ಮೈ ಇಲ್ಲ, ಎಳೆತವೂ ಇಲ್ಲ. ಇಲ್ಲಿ ತಪ್ಪು ಆಗುವುದು ಎರಡೇ ರೀತಿ. ಒಂದು, ಎಥನಾಲ್‌ನಲ್ಲಿ ನೀರು. ದ್ರವ ಕಾರ್ಬನ್ ಡೈಆಕ್ಸೈಡ್ ಜೊತೆ ನೀರು ಬೆರೆಯುವುದು ತೀರಾ ಕಮ್ಮಿ, ಹನಿಯಾಗಿ ಉಳಿದು ಕೊನೆಗೆ ಅದೇ ಎಳೆಯುತ್ತೆ. ಎಥನಾಲ್ ಗಾಳಿಯ ತೇವ ಹೀರುತ್ತೆ, ಬೆಂಗಳೂರಿನ ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಬಾಟಲಿಯನ್ನು ನಾನು ಇದಕ್ಕೆ ಬಳಸುವುದಿಲ್ಲ, ಒರೆಸಲು ಇಟ್ಟುಕೊಳ್ಳುತ್ತೇನೆ. ಎರಡು, ಅವಸರದಲ್ಲಿ ಗಾಳಿ ಬಿಡುವುದು. ವಾಲ್ವ್ ಜಾಸ್ತಿ ತೆರೆದರೆ ಚೇಂಬರ್ ತಣ್ಣಗಾಗಿ 31ಕ್ಕಿಂತ ಕೆಳಗೆ ಇಳಿಯುತ್ತೆ, ಒಳಗೆ ಮಂಜು, ಮತ್ತೆ ದ್ರವ, ಮತ್ತೆ ಮೇಲ್ಮೈ. 40 ಡಿಗ್ರಿಯಲ್ಲಿ ಇಟ್ಟು, ಕಿಟಕಿಯಲ್ಲಿ ಮಂಜು ಕಾಣದಷ್ಟು ನಿಧಾನವಾಗಿ ಬಿಡಿ.

ಎಲ್ಲ ಸರಿ ಇದ್ದು, ನೋಡುವಾಗ ಹರಿದರೆ

ಇದೂ ಆಗುತ್ತೆ. ಟಿಇಎಂಗೆ (ಪೊರೆಯ ಮೂಲಕವೇ ಎಲೆಕ್ಟ್ರಾನ್ ಹಾಯಿಸಿ ನೋಡುವ ಮೈಕ್ರೋಸ್ಕೋಪ್) ಕೊಡುವುದಾದರೆ 80 ಕಿಲೋವೋಲ್ಟ್ ಅಂತ ಬರೆದು ಕೊಡಿ. 200ರಲ್ಲಿ ಎಲೆಕ್ಟ್ರಾನ್‌ಗಳು ಕಾರ್ಬನ್ ಪರಮಾಣುಗಳನ್ನೇ ಒದ್ದು ಹೊರಗೆ ಹಾಕುತ್ತವೆ. ಎಸ್‌ಇಎಂನಲ್ಲಿ ಒಂದೇ ಕಡೆ ಜಾಸ್ತಿ ಹೊತ್ತು ನೋಡಿದರೆ ಪೊರೆಯ ಮೇಲೆ ಕರಿ ಚೌಕದ ಕಲೆ ಬೀಳುತ್ತೆ.

ಹಾಟ್‌ಪ್ಲೇಟ್ ಪಾಠ ಕಲಿತು ಎರಡು ವಾರ ಆಗಿತ್ತು. ಆರು ತೂತುಗಳಲ್ಲಿ ಆರೂ ತುಂಬಿದ್ದ ಚಿಪ್, ಮೈಕ್ರೋಸ್ಕೋಪ್‌ನಲ್ಲಿ ಎಣಿಸಿ ಖುಷಿಪಟ್ಟಿದ್ದೆ. ಎಸ್‌ಇಎಂ ಸ್ಟಬ್ (ಸ್ಯಾಂಪಲ್ ಕೂರಿಸುವ ಬಿಲ್ಲೆ) ಮೇಲೆ ಕಾರ್ಬನ್ ಟೇಪ್ ಅಂಟಿಸಿ, ಚಿಪ್‌ನ ಹಿಂಭಾಗ ಪೂರ್ತಿ ಕೂರುವ ಹಾಗೆ ಒತ್ತಿದೆ. ಒಳಗಿಟ್ಟು ಗಾಳಿ ತೆಗೆಯುವ ಪಂಪ್ ಹಾಕಿದೆ. ಆರರಲ್ಲಿ ಐದು ಖಾಲಿ, ಚಿಂದಿಗಳೆಲ್ಲ ಮೇಲಕ್ಕೆ ಮಡಚಿದ್ದವು. ಟೇಪ್ ಗುಂಡಿಗಳ ಬಾಯಿ ಮುಚ್ಚಿತ್ತು, ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಉಳಿದ ಒಂದು ತೂತು ಚಿಪ್‌ನ ತುದಿಯಲ್ಲಿತ್ತು, ಅಲ್ಲಿಗೆ ಟೇಪ್ ತಲುಪಿರಲಿಲ್ಲ. ಈಗ ಟೇಪ್ ಅನ್ನು ಸಾಸಿವೆಯಷ್ಟು ಕತ್ತರಿಸಿ ಒಂದು ಮೂಲೆಗೆ ಮಾತ್ರ ಹಚ್ಚುತ್ತೇನೆ, ಸ್ಟಬ್ ಮೇಲೂ ಆ ಎರಡು ಗಾಜಿನ ಚೂರು ಇಡುತ್ತೇನೆ, ಪಂಪ್ ನಿಧಾನಕ್ಕೆ ಶುರು ಮಾಡುತ್ತೇನೆ. ಅಂಟು ಜೆಲ್ ಇರುವ ಡಬ್ಬಿಗಳಲ್ಲೂ ಚಿಪ್ ಇಡುವುದನ್ನು ಬಿಟ್ಟಿದ್ದೇನೆ, ಕಿತ್ತು ತೆಗೆಯುವಾಗ ಅದು ಕೆಳಗಿನಿಂದ ಎಳೆಯುತ್ತೆ.